ಅಪ್ಪನ ಸ್ಕೇಲು ಯಾಕೆ ಸುಳ್ಳು ಹೇಳುತ್ತಿತ್ತು?

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೇ. ಮೊನ್ನೆ ಅಮ್ಮ ಬೆಳಗಾವಿಯಿಂದ ಫೋನ್ ಮಾಡಿ "ಅಟ್ಟದ ಮ್ಯಾಲಿನ ನಿಮ್ಮಪ್ಪನ ಕಟಗಿ ಸಾಮಾನೆಲ್ಲಾ ಬಚ್ಚಲ ಒಲಿಗೆ ಹಾಕ್ತೀನಿ ನೋಡು, ಹುಳ ಹತ್ಯಾವ" ಅಂದಾಗ ಮಾತ್ರ ಸೋಮಾರಿತನ ಹಾರಿಹೋಯಿತು. ಶನಿವಾರ ರಾತ್ರಿಯ ಬಸ್ಸು ಹತ್ತಿದೆ.

ಅಪ್ಪ ತೀರಿಕೊಂಡು ಎರಡು ವರ್ಷ. ಅವರು ಇಪ್ಪತ್ತೆಂಟು ವರ್ಷ ಉದ್ಯಮಬಾಗಿನ ಒಂದು ಫೌಂಡ್ರಿಯಲ್ಲಿ ಪ್ಯಾಟರ್ನ್ ಮೇಕರ್ ಆಗಿದ್ದರು. ನಮ್ಮ ಕಡೆ ಕೆಲವರು ಅವರನ್ನು ಬಡಿಗೇರ ಅಂತಿದ್ದರು, ಕೆಲವರು ಕಾರ್ಖಾನಿಯವರು ಅಂತಿದ್ದರು. ಎರಡೂ ಸರಿ, ಎರಡೂ ತಪ್ಪು. ಅವರು ಮರದಲ್ಲೇ ಕೆಲಸ ಮಾಡಿದರು, ಆದರೆ ಅವರು ಮಾಡಿದ್ದು ಯಾವುದೂ ಮರದ ರೂಪದಲ್ಲಿ ಗಿರಾಕಿಯ ಕೈ ಸೇರಲಿಲ್ಲ. ಎಲ್ಲಾ ಕಬ್ಬಿಣವಾಗಿ ಹೋಯಿತು.

ಚಿಕ್ಕವನಿದ್ದಾಗ ಅಪ್ಪನ ಹತ್ತಿರ ಒಂದು ಉಕ್ಕಿನ ಸ್ಕೇಲು ಇತ್ತು. ಅದನ್ನು ಮುಟ್ಟಿದರೆ ಬೈಗುಳ. ಒಂದು ದಿನ ಅವರು ಕೆಲಸಕ್ಕೆ ಹೋದಾಗ ಬಾಗಿಲ ಚೌಕಟ್ಟಿಗೆ ನಿಂತು, ತಂಗಿ ಕೈಲಿ ಗೆರೆ ಹಾಕಿಸಿ, ಆ ಸ್ಕೇಲಿನಲ್ಲಿ ನನ್ನ ಎತ್ತರ ಅಳೆದೆ. ಶಾಲೆಯಲ್ಲಿ ಅಳೆದಾಗ 160 ಸೆಂಟಿಮೀಟರ್ ಇದ್ದವನು ಮನೆಗೆ ಬಂದು 158 ಚಿಲ್ಲರೆ ಆಗಿದ್ದೆ! ಮೂರು ಸಲ ಅಳೆದೆ, ಅಷ್ಟೇ. ಸಂಜೆ ಅಪ್ಪನಿಗೆ ಹೇಳಿದರೆ ಬೈಯುವ ಬದಲು ನಕ್ಕುಬಿಟ್ಟರು. "ಏ ಹುಚ್ಚಾ, ಅದು ಮನಶ್ಯಾರನ್ನ ಅಳಿಯೋ ಪಟ್ಟಿ ಅಲ್ಲೋ. ಅದು ಕುಗ್ಗೋ ಪಟ್ಟಿ. ನೀ ಏನ್ ಎರಕದ ಕಬ್ಬಣೇನು?"

ಹಾಗೆ ನನಗೆ ಮೊದಲ ಸಲ ಗೊತ್ತಾಗಿದ್ದು, ಲೋಕದಲ್ಲಿ ಬೇಕಂತಲೇ ತಪ್ಪು ಅಳತೆ ತೋರಿಸುವ ಸ್ಕೇಲುಗಳೂ ಇರುತ್ತವೆ ಅಂತ :)

ವಿಷಯ ಸರಳ. ಕರಗಿದ ಲೋಹ ಗಟ್ಟಿಯಾಗಿ ತಣ್ಣಗಾಗುವಾಗ ಕುಗ್ಗುತ್ತದೆ. ಎರಕದ ಕಬ್ಬಿಣ ಸುಮಾರು ನೂರಕ್ಕೆ ಒಂದು ಪಾಲು, ಉಕ್ಕು ಸುಮಾರು ಎರಡು ಪಾಲು, ಹಿತ್ತಾಳೆ ಇವೆರಡರ ನಡುವೆ. ಹಾಗಾಗಿ 300 ಮಿಲಿಮೀಟರಿನ ಕಬ್ಬಿಣದ ತುಂಡು ಬೇಕಾದರೆ ಮರದ ಮಾದರಿಯನ್ನು 303 ಮಾಡಬೇಕು. ಪ್ರತಿ ಸಲ ಲೆಕ್ಕ ಹಾಕುತ್ತಾ ಕೂತರೆ ತಪ್ಪಾಗುತ್ತದೆ. ಅದಕ್ಕೇ ಸ್ಕೇಲನ್ನೇ ಅಷ್ಟು ಉದ್ದ ಮಾಡಿ, ಅದರ ಮೇಲೆ 300 ಅಂತ ಬರೆದುಬಿಡುತ್ತಾರೆ. ಹಳೆಯ ಇಂಚಿನ ಸ್ಕೇಲುಗಳಲ್ಲಿ ಕಬ್ಬಿಣಕ್ಕೆ ಅಡಿಗೆ ಎಂಟನೇ ಒಂದು ಇಂಚು, ಉಕ್ಕಿಗೆ ಅಡಿಗೆ ಕಾಲು ಇಂಚು ಹೆಚ್ಚು. ಒಂದೊಂದು ಲೋಹಕ್ಕೆ ಒಂದೊಂದು ಸ್ಕೇಲು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಫೌಂಡ್ರಿ ನೋಡದವರಿಗಾಗಿ ಸ್ವಲ್ಪ ವಿವರ. ಒಂದು ಪಂಪಿನ ಕವಚ ಬೇಕು ಅಂದುಕೊಳ್ಳಿ. ಮೊದಲು ಅದೇ ಆಕಾರದ ಮರದ ಪ್ಯಾಟರ್ನ್ ಮಾಡುತ್ತಾರೆ, ಸಾಮಾನ್ಯವಾಗಿ ಎರಡು ಹೋಳಾಗಿ. ಒಂದು ಹೋಳನ್ನು ಕಬ್ಬಿಣದ ಚೌಕಟ್ಟಿನೊಳಗಿಟ್ಟು ಸುತ್ತ ಮರಳು ತುಂಬಿ ಗಟ್ಟಿಯಾಗಿ ಬಡಿಯುತ್ತಾರೆ. ಮರಳು ಅಂದರೆ ಬರೀ ಮರಳಲ್ಲ. ಅದಕ್ಕೆ ಜೇಡಿ, ನೀರು, ಒಂದಿಷ್ಟು ಕಲ್ಲಿದ್ದಲ ಪುಡಿ ಬೆರೆತಿರುತ್ತದೆ. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಬೆರಳ ಗುರುತು ಹಾಗೇ ಉಳಿಯಬೇಕು. ಇದಕ್ಕೆ 'ಗ್ರೀನ್ ಸ್ಯಾಂಡ್' ಅನ್ನುತ್ತಾರೆ. ಹಸಿರು ಅಂತಲ್ಲ, ಹಸಿ ಅಂತ. ಬಣ್ಣ ಮಾತ್ರ ಕಪ್ಪು! ಚೌಕಟ್ಟನ್ನು ತಿರುಗಿಸಿ ಇನ್ನೊಂದು ಹೋಳು ಕೂರಿಸಿ ಅದಕ್ಕೂ ಮರಳು ತುಂಬುತ್ತಾರೆ. ಆಮೇಲೆ ಎರಡನ್ನೂ ಬಿಡಿಸಿ ಪ್ಯಾಟರ್ನ್ ಹೊರಗೆ ತೆಗೆದರೆ ಮರಳಿನಲ್ಲಿ ಅದರ ಆಕಾರದ ಖಾಲಿ ಜಾಗ ಉಳಿಯುತ್ತದೆ. ಪಂಪಿನ ಒಳಗಿನ ಟೊಳ್ಳಿಗೆ ಬೇರೆ ಪೆಟ್ಟಿಗೆಯಲ್ಲಿ ಮಾಡಿದ ಮರಳಿನ 'ಕೋರ್' ಇಡುತ್ತಾರೆ. ಮುಚ್ಚಿ, ಮೇಲೆ ಭಾರ ಹೇರಿ, ಲೋಹ ಹೊಯ್ಯುತ್ತಾರೆ.

ಇದರಲ್ಲಿ ಪ್ಯಾಟರ್ನ್ ಮಾಡುವವನ ಜಾಣತನ ಎಲ್ಲಿದೆ ಅಂದರೆ, ಅವನು ಇಲ್ಲದ್ದನ್ನೆಲ್ಲಾ ಮೊದಲೇ ಯೋಚಿಸಬೇಕು. ಮರಳು ಮುರಿಯದೆ ಪ್ಯಾಟರ್ನ್ ಮೇಲೆ ಬರಬೇಕು, ಅದಕ್ಕೆ ಪಕ್ಕೆಗಳಿಗೆ ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಡಬೇಕು. ಲೇತಿನಲ್ಲಿ ಕಡೆಯುವ ಮುಖಕ್ಕೆ ಮೂರೋ ನಾಲ್ಕೋ ಮಿಲಿಮೀಟರ್ ಹೆಚ್ಚು ಬಿಡಬೇಕು. ಕೋರ್ ಕೂರುವುದಕ್ಕೆ ಪ್ಯಾಟರ್ನಿಗೆ ಮೂಗು ಬೆಳೆಸಬೇಕು. ಒಳಮೂಲೆಗಳನ್ನು ಮೇಣದಿಂದಲೋ ಚರ್ಮದ ಪಟ್ಟಿಯಿಂದಲೋ ಉರುಟು ಮಾಡಬೇಕು, ಇಲ್ಲದಿದ್ದರೆ ಲೋಹ ಅಲ್ಲೇ ಸೀಳುತ್ತದೆ. ಮತ್ತೆ ಈ ಎಲ್ಲದರ ಮೇಲೆ ಆ ಕುಗ್ಗುವ ಅಳತೆ. ನಕ್ಷೆಯಲ್ಲಿ ಇರುವುದು ಕೊನೆಗೆ ಉಳಿಯಬೇಕಾದ ವಸ್ತು. ಅಪ್ಪ ಮಾಡುತ್ತಿದ್ದದ್ದು ಆ ವಸ್ತು ಹುಟ್ಟುವುದಕ್ಕೆ ಮುಂಚಿನ, ಅದಕ್ಕಿಂತ ಸ್ವಲ್ಪ ದೊಡ್ಡದಾದ ಇನ್ನೊಂದು ವಸ್ತು.

ಈಗ ಸ್ವಲ್ಪ ಹಿಂದಕ್ಕೆ ಹೋಗೋಣ.

ನಮ್ಮ ನಾಡಿನಲ್ಲಿ ಎರಕದ ಬಗ್ಗೆ ಬರೆದಿಟ್ಟವರಲ್ಲಿ ಒಬ್ಬ ರಾಜನೇ ಇದ್ದಾನೆ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ, ಆಳಿದ್ದು 1127ರಿಂದ 1138ರವರೆಗೆ. ಅವನ ಹೆಸರಿನ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'ದಲ್ಲಿ ಅಡುಗೆ, ಆನೆ, ಆಟಗಳ ಜೊತೆಗೆ ಲೋಹದ ವಿಗ್ರಹ ಮಾಡುವ ಕ್ರಮವೂ ಇದೆ. ಮೊದಲು ಮೇಣದಲ್ಲಿ ವಿಗ್ರಹ ಮಾಡು, ಅದರ ಮೇಲೆ ಪದರ ಪದರವಾಗಿ ಮಣ್ಣು ಮೆತ್ತಿ ನೆರಳಲ್ಲಿ ಒಣಗಿಸು, ಕಾಯಿಸಿ ಮೇಣ ಇಳಿಸು, ಆ ಖಾಲಿಗೆ ಕರಗಿದ ಲೋಹ ಹೊಯ್ಯಿ. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ತೂಕದ ಲೆಕ್ಕ. ಮಣ್ಣು ಮೆತ್ತುವ ಮೊದಲು ಮೇಣವನ್ನು ತೂಗಬೇಕು. ಬೆಳ್ಳಿಯ ವಿಗ್ರಹವಾದರೆ ಮೇಣದ 12 ಪಟ್ಟು ಬೆಳ್ಳಿ, ಚಿನ್ನವಾದರೆ 16 ಪಟ್ಟು ಚಿನ್ನ.

ಇದನ್ನು ಓದಿದಾಗ ನಾನು ಕೂತಲ್ಲೇ ನೆಟ್ಟಗಾದೆ. ಯಾಕಂದರೆ ಅಪ್ಪನೂ ಇದನ್ನೇ ಮಾಡುತ್ತಿದ್ದರು! ಟೊಳ್ಳಿಲ್ಲದ ಪ್ಯಾಟರ್ನ್ ಮುಗಿದ ಮೇಲೆ ಅದನ್ನು ತಕ್ಕಡಿಗೆ ಹಾಕಿ, ಸಾಗುವಾನಿಯಾದರೆ ಹನ್ನೊಂದರಿಂದ ಗುಣಿಸಿ, ಇಷ್ಟು ಕಿಲೋ ಕಬ್ಬಿಣ ಬೇಕಾಗುತ್ತೆ ಅಂತ ಚೀಟಿ ಬರೆಯುತ್ತಿದ್ದರು. ಸಾಗುವಾನಿ ನೀರಿನ ಮೂರನೇ ಎರಡು ಪಾಲು ತೂಗುತ್ತದೆ, ಎರಕದ ಕಬ್ಬಿಣ ನೀರಿನ ಏಳು ಪಟ್ಟು. ಭಾಗಿಸಿ ನೋಡಿ, ಹತ್ತಿರ ಹತ್ತಿರ ಹನ್ನೊಂದೇ. ಅಪ್ಪ ಮಾನಸೋಲ್ಲಾಸದ ಹೆಸರೂ ಕೇಳಿದವರಲ್ಲ.

ಆದರೆ ಮೇಣದ ಎರಕದಲ್ಲಿ ಒಂದು ಸಂಗತಿ ಇದೆ. ಮಾದರಿ ಕರಗಿ ಹೋಗುತ್ತದೆ. ಒಂದು ಮೇಣ, ಒಂದು ವಿಗ್ರಹ. ಇನ್ನೊಂದು ಬೇಕಾದರೆ ಮತ್ತೆ ಮೊದಲಿಂದ.

ದೊಡ್ಡ ವಸ್ತುಗಳಿಗೆ ಬರೀ ಮೇಣ ಸಾಲದು. ನೀವೆಲ್ಲಾ ವಿಜಯಪುರಕ್ಕೆ ಹೋಗಿದ್ದರೆ ಶೆರ್ಜಾ ಬುರುಜಿನ ಮೇಲೆ 'ಮಲಿಕ್-ಎ-ಮೈದಾನ್' ತೋಪು ನೋಡಿರುತ್ತೀರಿ. ಬಾಯಿಯ ಹತ್ತಿರ ಸಿಂಹದ ಮುಖ, ಅದರ ದವಡೆಯಲ್ಲಿ ಆನೆ. ಉದ್ದ ಸುಮಾರು 14 ಅಡಿ, ತೂಕ ಸುಮಾರು 55 ಟನ್. ಅದು ಬಿಜಾಪುರದಲ್ಲಿ ಎರೆದದ್ದಲ್ಲ. 1549ರಲ್ಲಿ ಅಹಮದ್‌ನಗರದಲ್ಲಿ ಮುಹಮ್ಮದ್ ಬಿನ್ ಹಸನ್ ರೂಮಿ ಎಂಬಾತ ಎರೆದದ್ದು. ಹೆಸರು ತೋಪಿನ ಮೇಲೆಯೇ ಕೆತ್ತಿದೆ. ರೂಮಿ ಅಂದರೆ ತುರ್ಕಿಯ ಕಡೆಯವನು ಅಂತ. ತಾಮ್ರ ತವರ ಬೆರೆತ ಗಂಟೆಯ ಲೋಹ ಅದು, ತಟ್ಟಿದರೆ ಗಂಟೆಯ ಹಾಗೇ ಸದ್ದು ಬರುತ್ತದೆ.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, 1540ರಲ್ಲಿ, ಇಟಲಿಯ ಬಿರಿಂಗುಚ್ಚೋ ಎಂಬಾತನ ಲೋಹವಿದ್ಯೆಯ ಪುಸ್ತಕ ವೆನಿಸ್‌ನಲ್ಲಿ ಅಚ್ಚಾಯಿತು. ಆಗ ಅವನು ಬದುಕಿರಲಿಲ್ಲ. ಅದರಲ್ಲಿ ಯುರೋಪಿನವರು ತೋಪು ಎರೆಯುತ್ತಿದ್ದ ಬಗೆ ಇದೆ. ಮರದ ದಿಂಡಿಗೆ ಹಗ್ಗ ಸುತ್ತಿ, ಅದರ ಮೇಲೆ ಮಣ್ಣು ಮೆತ್ತಿ ತಿರುಗಿಸುತ್ತಾ ತೋಪಿನ ಆಕಾರ ತರುವುದು, ಅಲಂಕಾರಗಳನ್ನು ಮೇಣದಲ್ಲಿ ಮಾಡಿ ಅಂಟಿಸುವುದು, ಅದರ ಮೇಲೆ ಇನ್ನೊಂದು ದಪ್ಪ ಮಣ್ಣಿನ ಕವಚ. ಒಣಗಿದ ಮೇಲೆ ದಿಂಡು ಎಳೆದು, ಒಳಗಿನ ಮಣ್ಣಿನ ಮಾದರಿಯನ್ನು ಒಡೆದು ತೆಗೆದು, ನಡುವೆ ಕೋರ್ ನಿಲ್ಲಿಸಿ ಕಂಚು ಹೊಯ್ಯುವುದು. ಇಲ್ಲೂ ಅಷ್ಟೇ, ಮಾದರಿ ಪುಡಿಪುಡಿ.

ತೋಪಿನ ಕಥೆಗೆ ಒಂದು ಬಾಲ ಇದೆ. 1854ರಲ್ಲಿ ಬ್ರಿಟಿಷ್ ಆಡಳಿತ ಮಲಿಕ್-ಎ-ಮೈದಾನನ್ನು ಹಳೇ ಲೋಹ ಅಂತ ಹರಾಜಿಗಿಟ್ಟಿತು. ಬಂದ ಬೆಲೆ 150 ರೂಪಾಯಿ! ಆಮೇಲೆ ಬುದ್ಧಿ ಬಂದು ಮಾರಾಟ ರದ್ದಾಯಿತು, ತೋಪು ಉಳಿಯಿತು. 55 ಟನ್ ಕಂಚಿನದೇ ಈ ಗತಿ ಅಂದಮೇಲೆ, ಮರದ ಪ್ಯಾಟರ್ನುಗಳನ್ನು ಯಾರು ಕೇಳುತ್ತಾರೆ ಹೇಳಿ?

ಮಾದರಿ ಸಾಯದೆ ಬದುಕುವ ಕ್ರಮವೂ ಹಳೆಯದೇ. ಆದರೆ ಅದು ದೊಡ್ಡ ಉದ್ದಿಮೆಯಾದ ಕಥೆಯಲ್ಲಿ ಇಂಗ್ಲೆಂಡಿನ ಒಂದು ಅಡುಗೆ ಪಾತ್ರೆ ಬರುತ್ತದೆ. ಬ್ರಿಸ್ಟಲ್‌ನಲ್ಲಿ ಹಿತ್ತಾಳೆ ಕೆಲಸ ಮಾಡುತ್ತಿದ್ದ ಅಬ್ರಹಾಂ ಡಾರ್ಬಿ 1707ರಲ್ಲಿ ಒಂದು ಪೇಟೆಂಟ್ ಪಡೆದ. ಹೊಟ್ಟೆ ಉಬ್ಬಿದ ಕಬ್ಬಿಣದ ಪಾತ್ರೆಗಳನ್ನು ಮಣ್ಣಿನ ಅಚ್ಚಿಲ್ಲದೆ ಬರೀ ಮರಳಲ್ಲಿ ಎರೆಯುವ ವಿಧಾನ ಅದು. ಒಂದೇ ಪ್ಯಾಟರ್ನಿನಿಂದ ಎಷ್ಟು ಬೇಕಾದರೂ ಅಚ್ಚು ಮಾಡಬಹುದು, ಪಾತ್ರೆ ತೆಳ್ಳಗೆ, ಅಗ್ಗ. ಎರಡು ವರ್ಷದ ನಂತರ, 1709ರಲ್ಲಿ, ಅವನೇ ಕೋಲ್‌ಬ್ರೂಕ್‌ಡೇಲ್‌ನಲ್ಲಿ ಇದ್ದಿಲಿನ ಬದಲು ಕೋಕ್ ಉರಿಸಿ ಕಬ್ಬಿಣ ತೆಗೆದ. ಇತಿಹಾಸದ ಪುಸ್ತಕಗಳಲ್ಲಿ 1709 ದಪ್ಪಕ್ಷರದಲ್ಲಿ ಇರುತ್ತದೆ. ಆದರೆ ಆ ಕಬ್ಬಿಣ ಮಾರಾಟವಾಗಿದ್ದು 1707ರ ಮರಳಿನಿಂದ.

ಅವನ ಮೊಮ್ಮಗ, ಅವನ ಹೆಸರೂ ಅಬ್ರಹಾಂ ಡಾರ್ಬಿಯೇ, 1779ರಲ್ಲಿ ಸೆವರ್ನ್ ನದಿಗೆ ಎರಕದ ಕಬ್ಬಿಣದ ಕಮಾನು ಸೇತುವೆ ನಿಲ್ಲಿಸಿದ. ನೂರು ಅಡಿಯ ಕಮಾನು, ಸುಮಾರು 380 ಟನ್ ಕಬ್ಬಿಣ. ಅದರ ಕೀಲುಗಳನ್ನು ಫೋಟೋದಲ್ಲಿ ಹತ್ತಿರದಿಂದ ನೋಡಿ. ತೂತು-ನಾಲಿಗೆ, ಪಾರಿವಾಳದ ಬಾಲ, ಬೆಣೆ. ಎಲ್ಲಾ ಬಡಗಿಯ ಕೆಲಸ! ಕಬ್ಬಿಣದ ಸೇತುವೆಯನ್ನು ಮರದ ಬಾಗಿಲಿನ ಹಾಗೆ ಜೋಡಿಸಿದ್ದಾರೆ. ನಕ್ಷೆ ಹಾಕಿದ ಪ್ರಿಚರ್ಡ್ ಕೂಡ ಮೂಲತಃ ಬಡಗಿ ಕೆಲಸ ಕಲಿತವನೇ. ಅಪ್ಪನಿಗೆ ಒಮ್ಮೆ ಆ ಚಿತ್ರ ತೋರಿಸಿದ್ದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ "ನಮ್ಮ ಮಂದೀನ ಮಾಡ್ಯಾರ ಬಿಡು" ಅಂದರು.

ನಮ್ಮಲ್ಲಿಗೆ ಬರೋಣ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಮುಂದೆ ಮೇವು ಕತ್ತರಿಸುವ ಯಂತ್ರಕ್ಕೆ, ಕಬ್ಬಿಣದ ನೇಗಿಲಿಗೆ ಬಂದರು. ಕಬ್ಬಿಣದ ನೇಗಿಲು ಹೂಡಿದರೆ ಭೂಮಿಗೆ ವಿಷವಾಗುತ್ತದೆ ಅಂತ ರೈತರು ಮೊದಲು ಮುಟ್ಟಲಿಲ್ಲ ಅನ್ನೋದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಕಥೆ. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನದ ಕಿರ್ಲೋಸ್ಕರವಾಡಿಗೆ ಹೋಯಿತು. ಅತ್ತ ಹಳೇ ಮೈಸೂರಿನ ಭದ್ರಾವತಿಯಲ್ಲಿ 1923ರ ಜನವರಿಯಲ್ಲಿ ಸರ್ಕಾರದ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯದು, ಕಲ್ಲಿದ್ದಲು ನಮ್ಮಲ್ಲಿ ಇಲ್ಲದ್ದರಿಂದ ಮಲೆನಾಡಿನ ಕಾಡಿನ ಇದ್ದಿಲು. ನಷ್ಟದಲ್ಲಿದ್ದ ಅದನ್ನು ಎತ್ತಿ ನಿಲ್ಲಿಸಲು ವಿಶ್ವೇಶ್ವರಯ್ಯನವರೇ ಅಧ್ಯಕ್ಷರಾಗಿ ಬಂದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತುಗಳ ಕಂಪನಿ ಬಂತು. ಲೇತಿನ ಹಾಸು ಅಂದರೆ ಎರಕದ ಕಬ್ಬಿಣವೇ. ಆ ಕಾರ್ಖಾನೆ ಈಗಿಲ್ಲ.

ಈ ಇತಿಹಾಸದಲ್ಲಿ ಮಾಲೀಕರ, ದಿವಾನರ ಹೆಸರುಗಳಿವೆ. ತೋಪಿನ ಮೇಲೆ ಎರೆದವನ ಹೆಸರೂ ಇದೆ. ಮೊದಲ ನೇಗಿಲಿನ ಪ್ಯಾಟರ್ನ್ ಕೆತ್ತಿದವರ ಕೈ ಯಾರದ್ದು?

ಸರಿ, ಅಟ್ಟಕ್ಕೆ ವಾಪಸ್ಸು ಬರುತ್ತೇನೆ.

ಅಟ್ಟದ ಮೇಲೆ ಒಂದು ದೊಡ್ಡ ಮರದ ಬಳೆ ಇತ್ತು. ನಾವು ಚಿಕ್ಕವರಿದ್ದಾಗ ಅದು ನಮ್ಮ ಬಸ್ಸಿನ ಸ್ಟೇರಿಂಗು, ಬಾವಿ, ಒಮ್ಮೊಮ್ಮೆ ಚಕ್ರವ್ಯೂಹ. ಅಪ್ಪ ಅದನ್ನು ಯಾಕೆ ಇಟ್ಟುಕೊಂಡಿದ್ದರು ಅಂತ ಕೇಳಿದವರಿಲ್ಲ. ಈ ಸಲ ಅಮ್ಮ ಹೇಳಿದರು. ಅದೊಂದು ಗೇರಿನ ಬಳೆಯ ಪ್ಯಾಟರ್ನ್. ಅಪ್ಪ ಮಾಡಿಕೊಟ್ಟಿದ್ದನ್ನು ಕಂಪನಿಯವರು ಬೇರೆ ಊರಿನ ಉಕ್ಕಿನ ಫೌಂಡ್ರಿಗೆ ಕಳಿಸಿ ಎರೆಸಿದರು. ಬಂದ ಎರಕಗಳೆಲ್ಲಾ ಸಣ್ಣವು, ಲೇತಿಗೆ ಹಾಕಿದರೆ ಅಳತೆಗೇ ಸಾಲದು. ಪ್ಯಾಟರ್ನ್ ತಪ್ಪು ಅಂತಾಯಿತು. ಅಪ್ಪನ ಪಗಾರದಲ್ಲಿ ಮೂರು ತಿಂಗಳು ಮುರಿದುಕೊಂಡರು. "ರೊಕ್ಕಾ ಕೊಟ್ಟೀನಿ, ಇದು ನಂದು" ಅಂತ ಅಪ್ಪ ಅದನ್ನು ಸೈಕಲ್ಲಿಗೆ ಕಟ್ಟಿಕೊಂಡು ಮನೆಗೆ ತಂದರಂತೆ. ನನಗಾಗ ಆರು ವರ್ಷ. ಆ ವರ್ಷದ ದೀಪಾವಳಿಗೆ ಹೊಸ ಅಂಗಿ ಇರಲಿಲ್ಲ ಅನ್ನೋದು ಮಾತ್ರ ನನಗೆ ನೆನಪಿದೆ.

ಬಳೆ ಇಳಿಸಿ ಒರೆಸಿದೆ. ಕಮಾನಿನ ತುಂಡುಗಳನ್ನು ಇಟ್ಟಿಗೆಯ ಹಾಗೆ ಕೀಲು ತಪ್ಪಿಸಿ ಪದರ ಪದರವಾಗಿ ಅಂಟಿಸಿದ ಕೆಲಸ. ಹಾಗೆ ಮಾಡಿದರೆ ಮರ ಸೊಟ್ಟಗಾಗುವುದಿಲ್ಲ. ಇಷ್ಟು ವರ್ಷ ಕಳೆದರೂ ಎಲ್ಲೂ ಬಾಯಿ ಬಿಟ್ಟಿರಲಿಲ್ಲ. ಅಂಚಿಗೆ ಮಾತ್ರ ಹುಳ. ಟೇಪು ಹಿಡಿದು ಅಡ್ಡಳತೆ ನೋಡಿದೆ. 917 ಮಿಲಿಮೀಟರ್, ಒಂದು ಕೂದಲು ಹೆಚ್ಚು. ಆಮೇಲೆ ಪೆಟ್ಟಿಗೆಯಿಂದ ಆ ಸುಳ್ಳು ಸ್ಕೇಲು ತೆಗೆದು ಅಳೆದೆ. ಸರಿಯಾಗಿ 908.

ಒಳಮೈ ತಿರುಗಿಸಿ ನೋಡಿದರೆ ವಾರ್ನಿಷಿನ ಕೆಳಗೆ ಅಪ್ಪನ ಪೆನ್ಸಿಲ್ ಅಕ್ಷರ: "ಫಿನಿಶ್ 900, 4+4, ಸಿ.ಐ."

ಸಿ.ಐ. ಅಂದರೆ ಕಾಸ್ಟ್ ಐರನ್. ಎರಕದ ಕಬ್ಬಿಣ.

ಲೆಕ್ಕ ಹಾಕಿ ನೋಡಿ. ಮುಗಿದ ಅಳತೆ 900, ಕಡೆಯುವುದಕ್ಕೆ ಎರಡು ಕಡೆ ನಾಲ್ಕು ನಾಲ್ಕು, ಒಟ್ಟು 908. ಅದರ ಮೇಲೆ ಕಬ್ಬಿಣದ ಕುಗ್ಗುವಿಕೆ ಸೇರಿದರೆ 917 ಚಿಲ್ಲರೆ. ಅಪ್ಪ ಮಾಡಿದ್ದು ಕೂದಲೆಳೆಯಷ್ಟೂ ತಪ್ಪಿಲ್ಲ. ಉಕ್ಕಿಗಾದರೆ 927 ಬೇಕಿತ್ತು. ಅದೇ ಪ್ಯಾಟರ್ನಿಗೆ ಉಕ್ಕು ಹೊಯ್ದರೆ ತಣ್ಣಗಾದ ಮೇಲೆ ಸಿಗುವುದು 899ರ ಆಸುಪಾಸು. ಕಡೆಯುವ ಮಾತು ಹಾಗಿರಲಿ, ಮುಗಿದ ಅಳತೆಗೇ ಕಮ್ಮಿ. ಲೋಹ ಬದಲಾಗಿತ್ತು, ಪ್ಯಾಟರ್ನ್ ಬದಲಾಗಿರಲಿಲ್ಲ. ಅಪ್ಪನಿಗೆ ಯಾರೂ ಹೇಳಿರಲಿಲ್ಲ.

"ಇದನ್ನ ತೋರಿಸಲಿಲ್ಲೇನು ಅವರಿಗೆ?" ಅಂತ ಅಮ್ಮನ್ನ ಕೇಳಿದೆ. "ಒಂದ್ ಸಲ ಹೇಳಿದ್ರಂತ. ಕೇಳೋರು ಯಾರು? ಆಮ್ಯಾಲೆ ಸುಮ್ಮನಾದ್ರು" ಅಂದರು. ಅಪ್ಪ ಅಲ್ಲೇ ಇನ್ನೂ ಹದಿನಾಲ್ಕು ವರ್ಷ ಕೆಲಸ ಮಾಡಿದರು. ನನ್ನ ಡಿಪ್ಲೊಮಾ ಫೀಸು ಅದೇ ಪಗಾರದಿಂದ ಬಂದದ್ದು. ಆ ಬಗ್ಗೆ ಒಂದು ದಿನವೂ ನಮ್ಮ ಹತ್ತಿರ ಮಾತಾಡಲಿಲ್ಲ. ನಾನೂ ಮೆಕ್ಯಾನಿಕಲ್ ಓದಿದವನು. ಆ ಬಳೆಯ ಮೇಲೆ ಕೂತು ಕಾದಂಬರಿ ಓದಿದವನು. ಒಂದು ಸಲವೂ ತಿರುಗಿಸಿ ನೋಡಲಿಲ್ಲವಲ್ಲ ಅಂತ ಈಗ ಅನಿಸುತ್ತಿದೆ.

ಈಗ ಕಾಲ ಬದಲಾಗಿದೆ. ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸಿ, ಲೋಹ ಯಾವುದು ಅಂತ ಆರಿಸಿದರೆ ಕುಗ್ಗುವಿಕೆ ತಾನೇ ಸೇರಿಕೊಳ್ಳುತ್ತದೆ. ಸಿಎನ್‌ಸಿ ಯಂತ್ರ ಪ್ಯಾಟರ್ನ್ ಕೊರೆಯುತ್ತದೆ. ಮರಳಿನ ಅಚ್ಚನ್ನೇ ಪದರ ಪದರವಾಗಿ ಮುದ್ರಿಸುವ ಯಂತ್ರಗಳೂ ಬಂದಿವೆ, ಅಲ್ಲಿ ಪ್ಯಾಟರ್ನೇ ಬೇಡ. ಒಳ್ಳೆಯದೇ ಆಯಿತು. ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಅಪ್ಪನ ಕೆಮ್ಮು ಕೇಳಿ ಬೆಳೆದವನು ನಾನು. ಆದರೆ ಈಗಲೂ ಲೋಹ ಯಾವುದು ಅಂತ ಯಾರೋ ಒಬ್ಬರು ಸರಿಯಾಗಿ ಹೇಳಲೇಬೇಕು. ಹೇಳದಿದ್ದರೆ ಕಂಪ್ಯೂಟರೂ 917 ಅಂತಲೇ ಕೊರೆಯುತ್ತದೆ.

ಬಳೆಯನ್ನು ಬೆಂಗಳೂರಿಗೆ ತಂದೆ. ಬಸ್ಸಿನ ಕಂಡಕ್ಟರ್ ಲಗೇಜ್ ಚಾರ್ಜು ಹಾಕಿದ :) ಹುಳಕ್ಕೆ ಔಷಧಿ ಹೊಡೆದು ಹಾಲಿನ ಗೋಡೆಗೆ ತೂಗುಹಾಕಿದ್ದೇನೆ, ಪೆನ್ಸಿಲ್ ಅಕ್ಷರ ಇರುವ ಕಡೆ ಹೊರಗೆ ಕಾಣುವ ಹಾಗೆ. ಮಗಳು ಕನ್ನಡಿ ಯಾವಾಗ ಕೂರಿಸ್ತೀಯ ಅಂತ ಕೇಳುತ್ತಿದ್ದಾಳೆ. ಅವಳನ್ನು ನೋಡಿದವರೆಲ್ಲಾ ಅಜ್ಜನನ್ನೇ ಎರಕ ಹೊಯ್ದ ಹಾಗಿದ್ದಾಳೆ ಅನ್ನುತ್ತಾರೆ. ನಿನ್ನೆ ಬಾಗಿಲಿಗೆ ನಿಲ್ಲಿಸಿ ಆ ಸ್ಕೇಲಿನಲ್ಲೇ ಅವಳ ಎತ್ತರ ಅಳೆದೆ. ಒಂದು ಸೆಂಟಿಮೀಟರ್ ಕಮ್ಮಿ ಬಂತು ಅಂತ ಅವಳಿಗೆ ಕೋಪ. ಯಾಕೆ ಅಂತ ಹೇಳುತ್ತಾ ಕೂತೆ.

ನಿಮ್ಮ ಊರಲ್ಲಿ, ನಿಮ್ಮ ಮನೆಯ ಅಟ್ಟದಲ್ಲಿ ಇಂಥವು ಇದ್ದರೆ ಒಲೆಗೆ ಹಾಕುವ ಮುಂಚೆ ಒಮ್ಮೆ ತಿರುಗಿಸಿ ನೋಡಿ. ಸಿಕ್ಕಿದ್ದನ್ನು ಇಲ್ಲಿ ಬರೆದು ತಿಳಿಸಿ.